ನಿಂತ ವಿಡಿಯೊ ಓಡಿಸುವ ಅಕ್ಕ

ಬೆಳಗಿನ ಐದೂವರೆ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಆಗಲೇ ದೀಪ ಉರಿಯುತ್ತಿದೆ. ಗಾಜು ಸೀಳಿದ ಹನ್ನೊಂದು ಹಳೆಯ ಫೋನುಗಳನ್ನು ಸಸಿಮಡಿಯ ಹಾಗೆ ಸಾಲಾಗಿ ಜೋಡಿಸಿಕೊಂಡು ಕೂತಿರುವ ನಲವತ್ತೇಳರ ಹೆಂಗಸು ಅದರಲ್ಲೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಕರೆ ಮಾಡಿದವರದು ಯಾವ ಫೋನೋ ಅಂಥದ್ದನ್ನೇ ಹಿಡಿದು, ಅವರು ಒತ್ತಿದ್ದನ್ನು ತಾವೂ ಒತ್ತುತ್ತಾ ಹೋಗುವುದು ಇವರ ಪದ್ಧತಿ. ಆಸ್ಪತ್ರೆಯ ಆ್ಯಪ್‌ನ ಸಹಾಯವಾಣಿಗೆ ಕರೆ ಮಾಡುವವರಿಗೆಲ್ಲ ಇವರು ಬರೀ 'ವಿಡಿಯೊ ಅಕ್ಕ'.

ಅತ್ತ ಒಬ್ಬ ಸೊಸೆ ಅಳುತ್ತಿದ್ದಾಳೆ. ಮಾವನ ಗಂಟಲಿಗೆ ಉಸಿರಾಟದ ಕೊಳವೆ ಹಾಕಿ ನಿನ್ನೆಯಷ್ಟೇ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಈಗ ಕೊಳವೆಯಲ್ಲಿ ಕಫ ಕಟ್ಟಿದೆ. ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆಯಂತೆ. ಕಫ ತೆಗೆಯುವುದನ್ನು ಹೇಳಿಕೊಡುವ ವಿಡಿಯೊ ಆಸ್ಪತ್ರೆಯ ಆ್ಯಪ್‌ನಲ್ಲಿದೆ. ಅದು ಹತ್ತು ಸೆಕೆಂಡ್ ಓಡಿ ನಿಲ್ಲುತ್ತಿದೆ.

"ಬರೀ ಚಕ್ರ ತಿರುಗ್ತಿದೆ ಅಕ್ಕಾ! ಮಾವನೋರ ತುಟಿ ಬಣ್ಣ ಬದಲಾಗ್ತಿದೆ. ಮೈದುನ ಆ್ಯಪ್ ತೆಗೆದು ಮತ್ತೆ ಹಾಕು ಅಂತಿದ್ದಾನೆ. ತೆಗೀಲಾ?"

"ಬೇಡ! ಮುಟ್ಬೇಡಿ ಅದನ್ನ. ಮೈದುನನ ಜಾಣತನ ಆಂಬುಲೆನ್ಸ್‌ಗೆ ದಾರಿ ತೋರಿಸೋಕೆ ಇರ್ಲಿ, ಬಾಗಿಲಿಗೆ ಕಳ್ಸಿ. ವಿಡಿಯೊ ಹೆಸರಿನ ಪಕ್ಕ ಕೆಳಗೆ ಮುಖ ಮಾಡಿರೋ ಬಾಣ ಇದ್ಯಾ?"

"ಇದೆ, ಇದೆ."

"ಅಂದ್ರೆ ಆಸ್ಪತ್ರೆಯವರು ನಿಮ್ಮ ಫೋನಿಗೇ ಇಳಿಸಿಕೊಟ್ಟಿದ್ದಾರೆ. ಡೇಟಾ ಇರೋವರೆಗೂ ಈ ಆ್ಯಪ್ ಅದನ್ನ ಬಿಟ್ಟು ನೆಟ್ಟಿಂದಲೇ ಎಳೀತಾ ಕೂರುತ್ತೆ. ಡೇಟಾ ಆಫ್ ಮಾಡಿ, ಆ್ಯಪ್ ಮುಚ್ಚಿ, ಮತ್ತೆ ಓಪನ್ ಮಾಡಿ. ಓಡುತ್ತೆ. ಆದ್ರೆ ಈ ಕರೆನೂ ಡೇಟಾ ಮೇಲೇ ಬಂದಿರೋದು ತಾಯಿ. ಅದು ಹೋದ್ರೆ ನಾನೂ ಹೋಗ್ತೀನಿ."

"ಅಯ್ಯೋ, ನೀವು ಹೋಗ್ಬೇಡಿ ಅಕ್ಕಾ!"

"ನಾನಿದ್ರೆ ವಿಡಿಯೊ ಬರಲ್ಲ. ಏನೇನು ಮಾಡ್ತೀರಿ, ಒಂದ್ಸಲ ನನಗೆ ಹೇಳಿ."

ಸೊಸೆ ಬಿಕ್ಕುತ್ತಲೇ ಒಪ್ಪಿಸುತ್ತಾಳೆ. ಹಿಂದೆ ಯಾರೋ ನೀರಿನೊಳಗಿಂದ ಉಸಿರೆಳೆದಂಥ ಸದ್ದು. ಕರೆ ಕಡಿಯುತ್ತದೆ.

ಇನ್ನು ಅಕ್ಕನ ಕೈಯಲ್ಲಿ ಏನೂ ಇಲ್ಲ. ರೋಗಿಗಳ ಗುಟ್ಟು ಕಾಯಬೇಕೆಂಬ ನಿಯಮವಿರುವುದರಿಂದ ಕರೆ ಮಾಡಿದವರ ನಂಬರು ಇವರಿಗೆ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಉಳಿಯುವುದು ಒಂದು ದೂರಿನ ಸಂಖ್ಯೆ, ಅದರ ಮುಂದೆ ಖಾಲಿ ಜಾಗ. ಅಲ್ಲಿ ಡೇಟಾ ಮತ್ತೆ ಆನ್ ಆದಾಗ ಮಾತ್ರ ಯಾವ ವಿಡಿಯೊ ಎಷ್ಟು ಓಡಿತೆಂಬುದು ಇಲ್ಲಿ ಮೂಡುತ್ತದೆ.

ಮೊದಲು ನಾದಿನಿಯ ವಿಡಿಯೊ ಕ್ಯಾಸೆಟ್ ಅಂಗಡಿಯಲ್ಲಿ ಟೇಪು ಒರೆಸುತ್ತಿದ್ದವರು ಇವರು. "ಅಲ್ಲಿ ಸಿನಿಮಾ ನಿಂತ್ರೆ ಬೈಗುಳ ತಿಂದು ಮುಗೀತಿತ್ತು," ಎನ್ನುತ್ತಾರೆ. ಈ ಕೆಲಸಕ್ಕೆ ಆರು ವರ್ಷ. ದಿನಕ್ಕೆ ಅರವತ್ತು ಕರೆ. ನಲವತ್ತು ಜನರ ಫೋನು ಮದುವೆ ಫೋಟೊ ತುಂಬಿ ಉಸಿರುಗಟ್ಟಿರುತ್ತದೆ. ಇನ್ನು ಕೆಲವರು ಶಬ್ದವನ್ನು ತಾವೇ ಅಡಗಿಸಿಟ್ಟು ಆ್ಯಪ್ ಮೂಕವಾಯಿತೆಂದು ದೂರುತ್ತಾರೆ.

ಮೂರು ವರ್ಷದ ಹಿಂದೆ ಒಬ್ಬ ಮುದುಕರಿಗೆ ಇವರೇ, ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ ಅಂದಿದ್ದರು. ತೆಗೆದರೆ ಇಳಿಸಿಟ್ಟ ವಿಡಿಯೊಗಳೆಲ್ಲ ಅಳಿಸಿಹೋಗುತ್ತವೆ ಎಂಬುದು ಆ ಗಳಿಗೆಯಲ್ಲಿ ಮರೆತಿತ್ತು. ಮುದುಕರ ಕಡೆ ಸಿಗ್ನಲ್ ಸರಿಯಿರಲಿಲ್ಲ. ಹೆಂಡತಿಯ ಕೊಳವೆಗೆಂದು ಕೇಳಿದ್ದರು. ಮತ್ತೆ ಕರೆ ಬರಲಿಲ್ಲ, ಆ ದೂರಿನ ಮುಂದಿನ ಜಾಗ ಇವತ್ತಿಗೂ ಖಾಲಿ.

"ಏನಾಯ್ತೋ ಗೊತ್ತಿಲ್ಲ. ಮನೇಲಿ ಗಂಡನ ಫೋನಲ್ಲಿ ಹಾಡು ನಿಂತು ಚಕ್ರ ತಿರುಗಿದ್ರೂ ನಾನು ಒಲೆ ಬಿಟ್ಟು ಓಡಿಬರ್ತೀನಿ. ಅವರು ನಗ್ತಾರೆ."

ಆರೂಕಾಲು. ಬೇರೆ ಮೂರು ಕರೆ ಮುಗಿದಿವೆ. ಪಕ್ಕದ ಮೇಜಿನ ಸಹೋದ್ಯೋಗಿ ಚಹಾ ತಂದಿಟ್ಟು, "ಹಾಗೆ ದುರುಗುಟ್ಟಿ ನೋಡಿದ್ರೆ ಕಂಪ್ಯೂಟರ್ ಹೆದರ್ಕೊಳ್ಳುತ್ತೆ ಅಕ್ಕ," ಎನ್ನುತ್ತಾರೆ. ಚಹಾದ ಮೇಲೆ ಕೆನೆ ಕಟ್ಟುತ್ತದೆ.

ಆರೂ ನಲವತ್ತಕ್ಕೆ ಖಾಲಿ ಜಾಗದಲ್ಲಿ ಅಕ್ಷರ ಮೂಡುತ್ತದೆ: 'ಕೊಳವೆ ಶುಚಿ ಮಾಡುವುದು – ಎರಡು ಸಲ ಪೂರ್ತಿ ನೋಡಲಾಗಿದೆ.'

ಸಹೋದ್ಯೋಗಿ ಚಪ್ಪಾಳೆ ತಟ್ಟಲು ಕೈಯೆತ್ತಿದರೆ ಅಕ್ಕ ತಡೆಯುತ್ತಾರೆ. "ನೋಡಿದ್ದಾರೆ, ಅಷ್ಟೇ. ಎರಡನೇ ಸಲ ಯಾಕೆ ನೋಡಿದ್ರು? ಮೊದಲನೇ ಸಲ ಆಗ್ಲಿಲ್ವಾ?" ಏಳಾಗುತ್ತದೆ, ಏಳೂವರೆಯಾಗುತ್ತದೆ. ಒಂದು ಕಣ್ಣನ್ನು ಆ ಸಾಲಿನ ಮೇಲಿಟ್ಟುಕೊಂಡೇ ಕರೆಗಳಿಗೆ ಉತ್ತರಿಸುತ್ತಾರೆ.

ಎಂಟಕ್ಕೆ ಐದು ನಿಮಿಷವಿರುವಾಗ ಅದೇ ಸಂಖ್ಯೆಯ ಕೆಳಗೆ ಇನ್ನೊಂದು ಸಾಲು: 'ರೋಗಿಗೆ ಬೆಳಗಿನ ಆಹಾರ ಕೊಡುವುದು – ಓಡುತ್ತಿದೆ.'

ಅಕ್ಕ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಸಾಲಿನ ಪಕ್ಕದಲ್ಲಿ ಸೆಕೆಂಡುಗಳು ಒಂದೊಂದಾಗಿ ಏರುತ್ತಿವೆ. ಅವು ಕೊನೆ ಮುಟ್ಟುವವರೆಗೂ ಅವರು ಕಣ್ಣು ಕೀಳುವುದಿಲ್ಲ.

"ಮಾವನೋರಿಗೆ ಹಸಿವಾಗಿದೆ," ಎನ್ನುತ್ತಾರೆ ಮೆಲ್ಲಗೆ. "ವಿಡಿಯೊನೂ ಎಲ್ಲೂ ನಿಲ್ಲಲಿಲ್ಲ, ನೋಡಿದ್ರಾ?"