ಗುಣದ ಸಭೆ

ಸೊಸೆಗೆ ಸಿಸೇರಿಯನ್ ಆಯಿತು. ಕೂಸು ಗಟ್ಟಿಯಾಗಿತ್ತು, ಆದರೆ ತಾಯಿಯ ಹೊಲಿಗೆ ಕೀವು ಹಿಡಿಯಿತು. ಆಚೀಚೆ ಮಂಚದ ಬಾಣಂತಿಯರಿಗೂ ಅದೇ ಗತಿ. ಸರಕಾರಿ ದವಾಖಾನೆ, ಯಾವ ಊರಿನದು ಎಂದು ಹೇಳುವುದಿಲ್ಲ. ನಮ್ಮೂರು ಅಸೂಟಿಯಿಂದ ನೋಡಲು ಬಂದವರೆಲ್ಲ, “ಗದಗಕ್ಕ ಒಯ್ರಿ” ಎಂದು ಹೇಳಿ ಚಹಾ ಕುಡಿದು ಹೋದರು. ನಾನು ಒಯ್ಯಲಿಲ್ಲ. ಜ್ವರ ಬಂದವಳನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗುವುದೆಂದರೇನು?

ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಅಕ್ಷರ ಕೂಡಿಸಿ ಓದುತ್ತೇನೆ, ಉದ್ದ ಶಬ್ದ ಬಂದರೆ ಅರ್ಧಕ್ಕೇ ಬಿಡುತ್ತೇನೆ. ಒಂದು ಕೋಣೆಯ ಬಾಗಿಲಿಗೆ ‘ಗುಣಮಟ್ಟ ಸಭೆ’ ಎಂದು ಹಾಳೆ ಅಂಟಿಸಿದ್ದರು. ‘ಗುಣ’ ಓದಿದೆ, ಅಷ್ಟು ಸಾಕಾಯಿತು. ಯಾರಿಗೆ ಯಾವಾಗ ಗುಣವಾಗುತ್ತದೆ ಎಂದು ಇಲ್ಲಿ ಹೇಳುತ್ತಾರೆ ಅಂದುಕೊಂಡು ಒಳಗೆ ಹೋಗಿ ಕುರ್ಚಿ ಎಳೆದು ಕುಳಿತೆ. ಇದ್ದವರು ಬರೀ ನರ್ಸುಗಳು.

“ನಮ್ಮ ಸೊಸಿಗೆ ಗುಣ ಯಾವಾಗ ಆಗತೈತ್ರಿ?”

ಹಿರಿಯ ಸಿಸ್ಟರ್ ನಕ್ಕರು. “ಯಮ್ಮಾ, ಇದು ಆ ಗುಣ ಅಲ್ಲ. ದವಾಖಾನಿ ಕೆಲಸ ಚಲೋ ನಡದೈತೋ ಇಲ್ಲೋ ನೋಡೂ ಸಭಾ ಇದು.”

“ಅದನ್ನ ನೋಡಾಕ ಡಾಕ್ಟರ್ ಬ್ಯಾಡೇನ್ರಿ?”

ಅಷ್ಟರಲ್ಲಿ ಸೊಸೆಯ ಆಪರೇಷನ್ ಮಾಡಿದ ಡಾಕ್ಟರೇ ಸಭೆಯ ಪುಸ್ತಕಕ್ಕೆ ಸಹಿ ಹಾಕಲು ಬಂದರು. ನಿಂತೇ ಸಹಿ ಹಾಕಿ ಹೋಗುವುದು ಅವರ ರೂಢಿಯಂತೆ.

“ಸರ್, ಹೊಲಿಗಿ ಯಾಕ ಕೀವು ಆಗಾಕತ್ತಾವು ಅಂತ ನಾವಷ್ಟ ಕುಂತು ಹ್ಯಾಂಗ ಹೇಳೂಣ್ರಿ?” ಎಂದರು ಸಿಸ್ಟರ್. “ನೀವೂ ಕುಂದರ್ರಿ.”

“ಹೊರಗ ಪೇಶಂಟ್ ಪಾಳಿ ಭಾಳ ಐತಿ.”

“ಪಾಳಿಯೊಳಗ ನಾನೂ ಅದೀನ್ರಿ” ಎಂದು ನನ್ನ ಕುರ್ಚಿ ಬಿಟ್ಟುಕೊಟ್ಟೆ. ಅವರು ನನ್ನ ಮುಖ ನೋಡಿ ಕುಳಿತರು.

ಮಾತು ಮುಗಿಸಿ ಎಲ್ಲರೂ ಹೊಲಿಗೆಗೆ ಡ್ರೆಸ್ಸಿಂಗ್ ಮಾಡುವ ಕೋಣೆ ನೋಡಲು ನಡೆದರು. ನಾನೂ ಹಿಂದೆ ಹೋದೆ. ಡಾಕ್ಟರ್ ಕೈ ತೊಳೆಯಲು ನಳ ತಿರುಗಿಸಿದರು. ನೀರಿಲ್ಲ. ಕೆಳಗೆ ಒಂದು ಬಕೀಟು, ಎಲ್ಲರ ಕೈಯೂ ಅದರಲ್ಲೇ.

“ಯಾವಾಗಿಂದ ಹಿಂಗ?”

“ಭಾಳ ದಿನ ಆತ್ರಿ. ಬರದು ಕೊಟ್ಟೇವಿ, ಯಾರೂ ಬಂದಿಲ್ಲ.”

ಅವರು ಯಾರನ್ನೂ ಬೈಯಲಿಲ್ಲ. ಅಲ್ಲೇ ನಿಂತು ಫೋನ್ ಮಾಡಿದರು. ಸಂಜೆಯೊಳಗೆ ನಳ ರಿಪೇರಿಯಾಯಿತು. ಸಿಸ್ಟರ್ ಬರೆದು ಕೊಟ್ಟರೆ ಬಾರದ ನಳದವನು ಡಾಕ್ಟರ್ ಕರೆದರೆ ಓಡಿ ಬಂದ. ಅದಕ್ಕೇ ಡಾಕ್ಟರ್ ಕೂಡಬೇಕು ಅನ್ನುವುದು. ಕೀವನ್ನು ಪರೀಕ್ಷೆಗೆ ಕಳಿಸಿ ಔಷಧವನ್ನೂ ಬದಲಿಸಿದರು. ಸೊಸೆಯ ಜ್ವರ ಇಳಿಯಿತು, ಹೊಲಿಗೆ ಒಣಗಿತು.

ಮನೆಗೆ ಹೊರಟ ದಿನ ಮತ್ತೆ ಸಭೆ ನಡೆದಿತ್ತು. ಇಣುಕಿದೆ. ಡಾಕ್ಟರ್ ನಡುವೆ ಕುಳಿತಿದ್ದರು.

“ಗುಣ ಆತೇನ, ಅಜ್ಜಿ?”

“ಸೊಸಿಗೆ ಆತ್ರಿ. ನಿಮ್ಮದು ನಡೀಲಿ” ಎಂದು ಬಾಗಿಲು ಮುಂದೆ ಮಾಡಿ ಬಂದೆ.