ಎರಡು ಲಿಂಗಗಳ ಕರಡಿಗೆ

ನನ್ನ ಅತ್ತೆ ಚಿಕ್ಕಮಲ್ಲಮ್ಮನ ಬಗ್ಗೆ ಊರಿನವರದು ಒಂದೇ ಮಾತು: ಶಿವಪೂಜೆಯಾಗದೆ ಹನಿ ನೀರೂ ಮುಟ್ಟದ ತಾಯಿ. ಸುಳ್ಳಲ್ಲ. ಆದರೆ ಆ ಪೂಜೆ ಯಾರಿಗಾಗಿ ಎಂಬುದು ಊರಿಗೆ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಅವರ ಜೊತೆ ಕಿತ್ತಾಡಿದ ಸೊಸೆ ನಾನು, ಚಂದ್ರಮತಿ. ಅವರನ್ನು ಹೊಗಳಲು ಬರೆಯುತ್ತಿಲ್ಲ. ನನ್ನಿಂದಾದ ತಪ್ಪನ್ನು ಎಲ್ಲಾದರೂ ಹೇಳಿಕೊಳ್ಳಬೇಕು, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಈ ಮನೆಗೆ ಬರುವ ಹಿಂದಿನ ವರ್ಷ ನನ್ನ ನಾದಿನಿ ಸುಧಾಮಣಿ ಲೈನ್‌ಮನ್ ಶಾಂತರಾಜುವನ್ನು ಮದುವೆಯಾಗಿದ್ದಳು. ಪಂಪ್‌ಸೆಟ್ಟಿನ ಕಂಬ ಹತ್ತಲು ಬಂದವನು ಮನೆಮಗಳನ್ನೇ ಇಳಿಸಿಕೊಂಡು ಹೋದ ಎಂದು ಗುಂಡ್ಲುಪೇಟೆಯವರೆಗೂ ಜನ ನಕ್ಕರು. ಜಾತಿ ಬೇರೆ. ಮಾವ ಮರಿಮಲ್ಲಪ್ಪ ಮಗಳನ್ನು ಹೊಸಿಲಾಚೆ ನಿಲ್ಲಿಸಿ, ಅವಳ ಕೊರಳಿನ ಇಷ್ಟಲಿಂಗ ಬಿಚ್ಚಿಸಿ, ಹೆಂಡತಿಯ ಕೈಗೆ ಕೊಟ್ಟು, "ಬಾವಿಗಾಕು. ಇವ್ಳು ಸತ್ಲು" ಅಂದರಂತೆ. ಅತ್ತೆ ಬಾವಿಯವರೆಗೂ ಹೋದರು. ಒಂದು ಕಲ್ಲು ಎತ್ತಿ ಹಾಕಿ, ಸದ್ದು ಕೇಳಿಸಿ, ವಾಪಸು ಬಂದರು.

ಮುಂದಿನ ತಿಂಗಳೇ ಗುಂಡ್ಲುಪೇಟೆಯಲ್ಲಿ ಲಿಂಗವಿಡಲು ದೊಡ್ಡದೊಂದು ಬೆಳ್ಳಿ ಕರಡಿಗೆ ಮಾಡಿಸಿಕೊಂಡು ಕೊರಳಿಗೆ ಹಾಕಿಕೊಂಡರು. "ವಯಸ್ಸಾಯ್ತಾ ನಿನ್ ಶಿವ್ನೂ ಊದ್ಕಂಡ್ನ?" ಎಂದು ಮಾವ ಗೇಲಿ ಮಾಡುತ್ತಿದ್ದರು. ಪಾಪ, ಸಾಯುವವರೆಗೂ ಅವರಿಗೆ ಗೊತ್ತಾಗಲಿಲ್ಲ.

ನನಗೆ ಗೊತ್ತಾದದ್ದು ಮದುವೆಯಾದ ಆರನೇ ದಿನ. ನೀರು ಕೊಡಲು ದೇವರಮನೆಗೆ ಹೋದರೆ ಅತ್ತೆಯ ಎಡಗೈಯಲ್ಲಿ ಎರಡು ಲಿಂಗ. ಕಪ್ಪಗೆ, ಒಂದೇ ಗಾತ್ರ, ಅವಳಿ ಮಕ್ಕಳ ಹಾಗೆ.

"ಇದು ಸುಧಾಮಣೀದು ಕಣಮ್ಮಿ. ಪೂಜೆ ಆಗ್ದೆ ಅವ್ಳು ಎಂಗ್ ಉಂಡಾಳು?"

"ಅವ್ರು ಅಲ್ಲಿ ಈಗಾಗ್ಲೇ ಇಡ್ಲಿ ತಿಂದಿರ್ತಾರೆ ಬುಡಿ ಅತ್ತೆ" ಎಂದೆ, ಹೊಸ ಸೊಸೆಯ ಕೊಬ್ಬಿನಲ್ಲಿ. ಅತ್ತೆ ಗಾಬರಿಯಾದರು. ಮರುದಿನದಿಂದ ಒಂದು ಗಂಟೆ ಮೊದಲೇ ಎದ್ದರು.

ನನ್ನ ಮಗಳು ಶಿವಾನಿ ಚಾಮರಾಜನಗರದ ಕಾಲೇಜಿಗೆ ಸೇರಿದ ಮೇಲೆ ಕದ್ದುಮುಚ್ಚಿ ಹರದನಹಳ್ಳಿಯ ಸೋದರತ್ತೆಯ ಮನೆಗೆ ಹೋಗಿ ಬರತೊಡಗಿದಳು. ಸುಧಾಮಣಿ ಬದನಗುಪ್ಪೆಯ ಒಂದು ಕಾರ್ಖಾನೆ ಸೇರಿದ್ದಾಳೆ, ಆರು ಗಂಟೆಗೇ ಶಿಫ್ಟು ಎಂದು ಅಜ್ಜಿಯ ಕಿವಿಯಲ್ಲಿ ಹೇಳಿದಳು. ಅಂದಿನಿಂದ ಪೂಜೆ ಬೆಳಗಿನ ಐದಕ್ಕೆ. ಮಂಡಿನೋವು, ಮಾಗಿಯ ಚಳಿ, ಯಾವುದೂ ಲೆಕ್ಕಕ್ಕಿಲ್ಲ. ಮಗಳ ಮುಖ ನೋಡುವ ಧೈರ್ಯ ಮಾಡದವರು ಅವಳ ಹೊಟ್ಟೆಯನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಯಾಕೆ ಮುಚ್ಚಿಡಲಿ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಿದ್ದುಹೋದದ್ದು ಎಡಗೈ, ಲಿಂಗ ಕೂರುವ ಕೈ. ಅಂದಿನಿಂದ ಅವರ ಅಂಗೈ ಕೆಳಗೆ ನನ್ನ ಅಂಗೈ ಇಟ್ಟು ಹಿಡಿಯುತ್ತಿದ್ದೆ. ಅವರು ಬಲಗೈಯಿಂದ ನೀರೆರೆಯುತ್ತಿದ್ದರು. ಒಂದು ದಿನ ತೊದಲುತ್ತಾ ಅಂದರು: "ಅವ್ಳದು ಅವ್ಳಿಗೆ ಕೊಟ್ಬುಡು. ನನ್ ಜೊತೆ ಮಣ್ಗೋಗ್ಬಾರ್ದು. ಅದು ಮಣ್ಗೋದ್ರೆ ಅವ್ಳೇ ಮಣ್ಗೋದಂಗೆ."

ಕೊಡುತ್ತೇನೆ ಎಂದು ಅವರ ತಲೆ ಮುಟ್ಟಿ ಮಾತು ಕೊಟ್ಟೆ. ಶಿವಾನಿ ಕೈಲಿ ಕೊಟ್ಟು ಕಳಿಸಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಇಲ್ಲ, ನಾನೇ ಹೋಗಬೇಕು ಎಂಬ ದೊಡ್ಡಸ್ತಿಕೆ. ಹೋಗಲು ಹೆದರಿಕೆ. ನನ್ನ ಗಂಡ ರಾಜಶೇಖರ್ ಅಪ್ಪನಿಗಿಂತ ಒಂದು ಕೈ ಮೇಲು. "ಅವ್ಳ ಹೆಸ್ರೆತ್ತುದ್ರೆ ನೀನೂ ಅವ್ಳಿಂದೆನೇ ಓಗು" ಎಂದವನು. ಹೆಂಗಸರಿಗೆ ಬಸ್ಸು ಬಿಟ್ಟಿ, ಆಧಾರ್ ತೋರಿಸಿದರೆ ಸಾಕು. ಆದರೂ ನಾಳೆ ನಾಳೆ ಎನ್ನುತ್ತಾ ಎರಡು ತಿಂಗಳು ಕಳೆದೆ.

ಕೊನೆಗೆ ಅತ್ತೆ ಗಂಜಿಯನ್ನೂ ಬಿಟ್ಟರು. ಕರಡಿಗೆ ಬಿಚ್ಚಿ, "ಯಾವ್ದು ಅವ್ಳದು ಅತ್ತೆ?" ಎಂದು ಕೇಳಿದೆ. ಅವರು ಎಂದೂ ಕಣ್ಣಿನಿಂದ ಗುರುತು ಹಿಡಿದವರಲ್ಲ, ಎಡ ಅಂಗೈಗೇ ತಿಳಿಯುತ್ತಿತ್ತು. ಒಂದೊಂದನ್ನೇ ಆ ಕೈಯಲ್ಲಿಟ್ಟೆ. ಸತ್ತ ಕೈ ಏನು ಹೇಳೀತು? ಮತ್ತೆ ಮತ್ತೆ ಇಡಿಸಿಕೊಂಡರು. ಕಣ್ಣಲ್ಲಿ ನೀರು ಇಳಿಯಿತು. ಕೊನೆಗೆ ಒಂದರ ಕಡೆ ತಲೆಯಾಡಿಸಿದರು. ಅದನ್ನು ಬಟ್ಟೆಯಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಬೆಳಗಿನ ಮೊದಲ ಬಸ್ಸಿಗೆ ಹೊರಟಿದ್ದೆ. ಬಸ್ಸಿಗಿಂತ ಮೊದಲು ಅತ್ತೆ ಹೋದರು.

ಮಧ್ಯಾಹ್ನ ನಮ್ಮ ಹೊಲದಲ್ಲೇ ಮಾವನ ಪಕ್ಕ ಗುಣಿ ತೋಡಿದರು. ಅತ್ತೆಯನ್ನು ಕೂರಿಸಿ, ಅಯ್ನೋರು ಗುರುಮಲ್ಲಯ್ಯ ಕರಡಿಗೆಯಲ್ಲಿ ಉಳಿದಿದ್ದ ಲಿಂಗ ತೆಗೆದು ಅವರ ಎಡಗೈಯಲ್ಲಿಟ್ಟರು. ವಿಭೂತಿ, ಬಿಲ್ವಪತ್ರೆ, ಆಮೇಲೆ ಮಣ್ಣು. ಶಿವಾನಿ ಫೋನ್ ಮಾಡಿದ್ದರಿಂದ ಸುಧಾಮಣಿ ಬಂದಿದ್ದಳು. ಅಣ್ಣ ಬೇಲಿ ದಾಟಲು ಬಿಡಲಿಲ್ಲ. ಪಕ್ಕದವರ ಚೆಂಡುಹೂವಿನ ಹೊಲದಲ್ಲಿ ನಿಂತು, ಬಾಯಿಗೆ ಸೆರಗು ತುರುಕಿಕೊಂಡು, ಅವ್ವನ ತಲೆ ಮಣ್ಣಲ್ಲಿ ಮುಚ್ಚಿಹೋಗುವುದನ್ನು ನೋಡಿದಳು. ನನಗೂ ಬಾಯಿತ್ತು. ನಾನೂ ಸುಮ್ಮನಿದ್ದೆ.

ಜನ ಚದುರಿದ ಮೇಲೆ ಬೇಲಿ ದಾಟಿ ಹೋದೆ. ಬಾವಿಗೆ ಬಿದ್ದದ್ದು ಕಲ್ಲು ಎಂದೆ. ಐದು ಗಂಟೆಯ ಪೂಜೆಯನ್ನೂ ಹೇಳಿ ಬಟ್ಟೆಯ ಗಂಟು ಅವಳ ಕೈಗಿಟ್ಟೆ. ಅವಳು ಬಿಚ್ಚಿ, ಲಿಂಗದ ಅಡಿಯನ್ನು ಹೆಬ್ಬೆರಳಿನಿಂದ ಸವರಿದಳು. ಮತ್ತೊಮ್ಮೆ ಸವರಿದಳು.

"ಅತ್ತಿಗೆ, ನಂದು ಅಡೀಲಿ ಮುಕ್ಕಾಗದೆ. ಚಿಕ್ಕೋಳಿದ್ದಾಗ ಜಗಲಿ ಮೇಲೆ ಬೀಳಿಸ್ಬುಟ್ಟಿದ್ದೆ. ಇದು ನಂದಲ್ಲ. ಅವ್ವಂದು."

"ಗುಣಿ ಅಗೆಸ್ತೀನಿ, ಯಾರೇನಾರ ಅನ್ಲಿ" ಎಂದು ಹೊರಟ ನನ್ನನ್ನು ಅವಳೇ ಹಿಡಿದು ಕೂರಿಸಿದಳು. "ಬ್ಯಾಡ ಬುಡಿ. ಅವ್ವನ ಕೈಲೇ ಇರ್ಲಿ" ಎಂದಳು. ಇಬ್ಬರೂ ಅಲ್ಲೇ ಹೂವಿನ ಸಾಲಿನ ನಡುವೆ ಕೂತು ಅತ್ತೆವು. ದೂರದಿಂದ ಗಂಡ ನೋಡುತ್ತಿದ್ದ. ನೋಡಲಿ ಎಂದುಕೊಂಡೆ. ಆ ಧೈರ್ಯ ಎರಡು ತಿಂಗಳು ತಡವಾಗಿ ಬಂದಿತ್ತು.

ಮರುದಿನ ಬೆಳಗ್ಗೆ ಐದಕ್ಕೆ ನನ್ನ ಫೋನು ಬಡಿದುಕೊಂಡಿತು. ಆ ಕಡೆ ಸುಧಾಮಣಿ.

"ಅತ್ತಿಗೆ, ಮೊದ್ಲು ನೀರಾ, ಈಬೂತಿಯಾ? ನಂಗೆ ಮರ್ತೋಗದೆ. ಬ್ಯಾಗ ಯೋಳಿ, ಅವ್ವ ಅಸ್ಕಂಡದೆ."