ಮಗ್ಗುಲು ಹೊರಳಿಸುವ ಸಿಸ್ಟರ್ ವರದಿ ಬರೆಯಲು ಕಲಿತದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಂಡಸರ ವಾರ್ಡಿನ ಕೊನೆಯ ಮಂಚದಲ್ಲಿ ಲಕ್ವ ಹೊಡೆದ ಹಿರಿಯರೊಬ್ಬರನ್ನು ಎಡ ಮಗ್ಗುಲಿಂದ ಬಲ ಮಗ್ಗುಲಿಗೆ ಹೊರಳಿಸಬೇಕಾಗಿದೆ. ಸಿಸ್ಟರ್ ಒಂದು ಕೈಯನ್ನು ಅವರ ಭುಜದ ಕೆಳಗೆ, ಇನ್ನೊಂದನ್ನು ಸೊಂಟದ ಕೆಳಗೆ ತೂರಿಸುತ್ತಾರೆ. ಆಚೆ ಬದಿಯಲ್ಲಿ ಆಯಾ ಹಾಸುಬಟ್ಟೆಯ ಅಂಚು ಹಿಡಿದು ನಿಂತಿದ್ದಾರೆ. "ಯಜಮಾನ್ರೇ, ಗೋಡೆ ನೋಡಿ ನೋಡಿ ಸಾಕಾಗಿರ್ಬೇಕು. ಈಗ ಕಿಟಕಿ ಕಡೆ ತಿರುಗೋಣ." ಯಜಮಾನರ ಮಾತು ನಿಂತು ವಾರಗಳಾಗಿವೆ. ಸಿಸ್ಟರ್ ಟಾರ್ಚ್ ಬೆಳಕು ಬಿಟ್ಟು ಬೆನ್ನು, ಸೊಂಟದ ಮೂಳೆ, ಹಿಮ್ಮಡಿ ನೋಡುತ್ತಾರೆ. ಚರ್ಮ ಕೆಂಪಾಗಿಲ್ಲ. ದಿಂಬನ್ನು ಅವರ ಬೆನ್ನಿಗೆ ಒತ್ತಿಟ್ಟು, ತಮ್ಮ ಸೊಂಟಕ್ಕೆ ಕೈಯಿಟ್ಟು ಒಂದು ಗಳಿಗೆ ಹಾಗೇ ನಿಲ್ಲುತ್ತಾರೆ. ಐವತ್ತರ ಹತ್ತಿರ ಬಂದಿರುವ ಸೊಂಟ ಅದು.

ವಾರ್ಡಿನಲ್ಲಿ ಎಲ್ಲರೂ ಅವರನ್ನು 'ದೊಡ್ಡ ಸಿಸ್ಟರ್' ಎನ್ನುತ್ತಾರೆ. ಹುದ್ದೆ ದೊಡ್ಡದಲ್ಲ, ವಯಸ್ಸು ದೊಡ್ಡದು. ಡಿಪ್ಲೊಮಾ ಮುಗಿಸಿ ಸೇರಿದವರು ಅಲ್ಲೇ ಉಳಿದಿದ್ದಾರೆ. ಅವರಿಂದ ಸೂಜಿ ಚುಚ್ಚಲು ಕಲಿತ ಹುಡುಗಿ ಪದವಿ ಮುಗಿಸಿಕೊಂಡು ಬಂದು ಈಗ ವಾರ್ಡಿನ ಇನ್‌ಚಾರ್ಜ್ ಆಗಿದ್ದಾಳೆ. "ಹೊಟ್ಟೆಕಿಚ್ಚು ಪಡೋದಕ್ಕೂ ಪುರುಸೊತ್ತು ಬೇಕಲ್ಲ," ಎಂದು ದೊಡ್ಡ ಸಿಸ್ಟರ್ ನಗುತ್ತಾರೆ. ಮೂವತ್ತು ಮಂಚಕ್ಕೆ ಇಬ್ಬರು ಸಿಸ್ಟರ್, ಒಬ್ಬರು ಆಯಾ. ಏಳಲಾರದವರನ್ನು ಎರಡೆರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲದಿದ್ದರೆ ಒತ್ತಿದ ಕಡೆ ಚರ್ಮ ಕೊಳೆತು ಹುಣ್ಣಾಗುತ್ತದೆ.

ಕೆಲಸದಲ್ಲಿರುವವರಿಗೆಂದು ಭಾನುವಾರ ನಡೆಯುವ ಪದವಿ ತರಗತಿಗೆ ಅವರು ಸೇರಿದ್ದು ಈ ವಯಸ್ಸಿನಲ್ಲಿ. ಪರೀಕ್ಷೆಗಳನ್ನೇನೋ ಹೇಗೋ ದಾಟಿದರು. ಕೊನೆಗೆ ಅಡ್ಡ ನಿಂತದ್ದು ಅಧ್ಯಯನ ವರದಿ. ವಿಷಯಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಹಾಸಿಗೆ ಹುಣ್ಣು ಎಂದು ಬರೆದುಕೊಟ್ಟರು. ಹೇಳಬೇಕಾದದ್ದೂ ಸಿದ್ಧವಿತ್ತು: ಜೊತೆಗೆ ಯಾರೂ ಇಲ್ಲದ ರೋಗಿಗಳಿಗೇ ಹುಣ್ಣು ಜಾಸ್ತಿ. ರಜೆ ಹಾಕಿ, ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಹರಡಿಕೊಂಡು, ಒಂದೇ ಉಸಿರಿಗೆ ನಲವತ್ತು ಪುಟ ಬರೆದರು.

ಮಾರ್ಗದರ್ಶಕಿಯಾಗಿದ್ದ ಉಪನ್ಯಾಸಕಿ ಅವರಿಗಿಂತ ಹತ್ತು ವರ್ಷ ಚಿಕ್ಕವರು. ಮೊದಲ ಸಾಲಿಗೇ ಗೀಟು ಬಿತ್ತು. "ಅನಾದಿ ಕಾಲದಿಂದಲೂ ಮನುಷ್ಯನನ್ನು ರೋಗಗಳು ಕಾಡುತ್ತಿವೆ" ಎಂದು ಶುರುವಾಗಿತ್ತು ಅದು.

"ಅನಾದಿ ಕಾಲದ ವಿಚಾರ ಬಿಡಿ ಸಿಸ್ಟರ್, ನಿಮ್ಮ ವಾರ್ಡಿನ ವಿಚಾರ ಹೇಳಿ," ಎಂದರು ಉಪನ್ಯಾಸಕಿ. "'ಹಲವು ರೋಗಿಗಳು' ಅಂದಿದ್ದೀರಿ. ಎಷ್ಟು ಜನ? 'ಎಲ್ಲರಿಗೂ ಗೊತ್ತಿರುವಂತೆ' ಅಂದಿದ್ದೀರಿ. ನನಗೆ ಗೊತ್ತಿಲ್ಲ."

"ಇಷ್ಟು ವರ್ಷ ಕಣ್ಣಾರೆ ಕಂಡಿದ್ದೀನಿ ಮೇಡಂ."

"ಕಂಡದ್ದು ಒಂದು ಕಡೆ ಬರೀರಿ, ಅಂದುಕೊಂಡದ್ದು ಇನ್ನೊಂದು ಕಡೆ. ಎರಡನ್ನೂ ಒಂದೇ ಪಾತ್ರೆಗೆ ಸುರಿದುಬಿಟ್ಟಿದ್ದೀರಿ."

ಅಂದು ವಾಪಸಾಗುವಾಗ ಸಿಸ್ಟರ್ ಬಸ್ಸಿನಲ್ಲಿ ಮುಖ ಕಿಟಕಿಗೆ ತಿರುಗಿಸಿಕೊಂಡು ಅತ್ತರಂತೆ. ಪುಟಗಳನ್ನು ಬೀರುವಿನ ಮೇಲೆ ಎಸೆದು ತಿಂಗಳೊಪ್ಪತ್ತು ಅತ್ತ ತಲೆಹಾಕಲಿಲ್ಲ. ಶಾಲೆಯ ವ್ಯಾನ್ ಓಡಿಸುವ ಗಂಡ ಅವುಗಳನ್ನು ಕೆಳಗಿಳಿಸಿ, ಧೂಳು ಕೊಡವಿ, ಮತ್ತೆ ಕಟ್ಟೆಯ ಮೇಲಿಟ್ಟರು. ಈಗ ಅವರಿಗೂ ಅದರ ಬಿಸಿ ತಟ್ಟಿದೆ. "ಉಪ್ಪು ಜಾಸ್ತಿ ಆಯ್ತು ಕಣೇ ಅಂದ್ರೆ, 'ಯಾವುದಕ್ಕೆ ಹೋಲಿಸಿದ್ರೆ?' ಅಂತ ಕೇಳ್ತಾಳೆ," ಎನ್ನುತ್ತಾರೆ.

ಆಸ್ಪತ್ರೆಯ ಒಪ್ಪಿಗೆ ಪಡೆದು ಸಿಸ್ಟರ್ ಮೊದಲಿಂದ ಶುರು ಮಾಡಿದರು. ನಾಲ್ಕು ತಿಂಗಳು, ಹಾಸಿಗೆ ಹಿಡಿದ ಪ್ರತಿ ರೋಗಿಯ ಚರ್ಮ ವಾರಕ್ಕೊಮ್ಮೆ ನೋಡಿ ಗುರುತು ಹಾಕಿಕೊಂಡರು. ಸಂಬಂಧಿಕರು ಇದ್ದಾರೋ ಇಲ್ಲವೋ, ಯಾರು ಹೊರಳಿಸಿದರು, ಯಾವಾಗ, ಎಲ್ಲವನ್ನೂ. ಕೊನೆಯಲ್ಲಿ ಕೂಡಿಸಿದಾಗ ಲೆಕ್ಕ ತಲೆಕೆಳಗಾಗಿ ಬಂತು. ಹುಣ್ಣು ಜಾಸ್ತಿ ಆಗಿದ್ದು ಜೊತೆಗೆ ಜನ ಇದ್ದವರಿಗೆ.

"ಕೂಡಿಸಿದ್ದು ತಪ್ಪಿರ್ಬೇಕು ಅಂದ್ಕೊಂಡೆ. ಮತ್ತೆ ಕೂಡಿಸಿದೆ. ನಮ್ಮೆಜಮಾನ್ರ ಕೈಲೂ ಕೂಡಿಸಿದೆ."

ತಪ್ಪಿರಲಿಲ್ಲ. ಆಗ ಅವರಿಗೆ ನೆನಪಾದದ್ದು ಆ ತಿಂಗಳುಗಳಲ್ಲೇ ಇದ್ದ ಒಬ್ಬ ಮಗಳು. ತಂದೆಯ ಮಂಚ ಬಿಟ್ಟು ಕದಲದವಳು. ಬಾಯಿ ಒರೆಸುತ್ತಿದ್ದಳು, ಸೊಳ್ಳೆ ಓಡಿಸುತ್ತಿದ್ದಳು, ಕಾಲು ನೀವುತ್ತಿದ್ದಳು. ಒಂದು ದಿನ ಹಾಸುಬಟ್ಟೆ ಬದಲಿಸುವಾಗ ನೋಡಿದರೆ ಸೊಂಟದ ಕೆಳಗೆ ಅಂಗೈಯಗಲ ಹುಣ್ಣು. "ನಿದ್ದೆ ಮಾಡ್ತಿದ್ರಲ್ಲ ಸಿಸ್ಟರ್, ಹೊರಳಿಸಿದ್ರೆ ನೋವಾಗತ್ತೆ ಅಂತ ಮುಟ್ಟಲಿಲ್ಲ," ಎಂದಳು ಆ ಹುಡುಗಿ.

"ಅವಳನ್ನ ಏನಂತ ಬೈಯೋದು?" ದೊಡ್ಡ ಸಿಸ್ಟರ್ ದನಿ ತಗ್ಗಿಸುತ್ತಾರೆ. "ಆ ಮಂಚದ ಹತ್ರ ಬಂದಾಗ್ಲೆಲ್ಲ 'ಮಗಳಿದಾಳೆ, ನೋಡ್ಕೋತಾಳೆ' ಅಂತ ನಾವು ಮುಂದೆ ಹೋಗ್ತಿದ್ವಿ. ಯಾರೂ ಇಲ್ಲದೋರನ್ನ ಮಾತ್ರ ತಪ್ಪದೆ ಹೊರಳಿಸ್ತಿದ್ವಿ. ಅವಳು ನಮ್ಮನ್ನ ನಂಬಿದ್ಲು, ನಾವು ಅವಳನ್ನ."

ಕರಡು ಓದಿದ ಇನ್‌ಚಾರ್ಜ್ ಮುಖ ಗಂಟಿಕ್ಕಿಕೊಂಡಳು. "ಅಕ್ಕಾ, ಇದು ನಮ್ಮ ಮೇಲೇ ದೂರು ಕೊಟ್ಟ ಹಾಗಲ್ವಾ?" ಚಹಾದ ಹೊತ್ತಿಗೆ ಕರೆಯುತ್ತಿದ್ದವರು ಕರೆಯುವುದನ್ನು ಬಿಟ್ಟರು. ಒಡನಾಡಿಗಳ ಮುನಿಸು ಮೈಕೈ ನೋವಿಗಿಂತ ಹೆಚ್ಚಾಗಿ ಅವರನ್ನು ಹಣಿಯಿತು. ಆ ಭಾಗವನ್ನೇ ಕಿತ್ತುಹಾಕುತ್ತೇನೆಂದು ಉಪನ್ಯಾಸಕಿಯ ಮುಂದೆ ಹೋಗಿ ಕುಳಿತರು.

ಉಪನ್ಯಾಸಕಿ ಬೇಡವೆನ್ನಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡರು. "ಬೈದ ಹಾಗೂ ಇರಬಾರದು, ಮುಚ್ಚಿಟ್ಟ ಹಾಗೂ ಇರಬಾರದು. ಬನ್ನಿ, ಇಬ್ಬರೂ ಸೇರಿ ನೋಡೋಣ."

ಒಂದು ವಾಕ್ಯಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. 'ನಿರ್ಲಕ್ಷ್ಯ' ಎಂಬ ಪದ ಹೋಯಿತು, ಏಕೆಂದರೆ ನಿರ್ಲಕ್ಷ್ಯವನ್ನು ಯಾರೂ ಅಳೆದಿರಲಿಲ್ಲ. 'ಪಾಪ' ಎಂಬುದೂ ಹೋಯಿತು. ಕೊನೆಗೆ ಉಳಿದದ್ದು: "ಸಂಬಂಧಿಕರು ಜೊತೆಗಿದ್ದ ರೋಗಿಯನ್ನು ಹೊರಳಿಸುವ ಕೆಲಸ ಯಾರದೆಂಬುದು ಸಿಬ್ಬಂದಿಗಾಗಲಿ ಸಂಬಂಧಿಕರಿಗಾಗಲಿ ಸ್ಪಷ್ಟವಿರಲಿಲ್ಲ." ಅದರ ಕೆಳಗೆ ಸಿಸ್ಟರ್ ತಾವಾಗಿಯೇ ಇನ್ನೊಂದು ಸೇರಿಸಿದರು: "ಈ ಅಧ್ಯಯನ ನಡೆಸಿದವರೂ ಆ ಸಿಬ್ಬಂದಿಯಲ್ಲಿ ಒಬ್ಬರು." ಅದನ್ನು ಇನ್‌ಚಾರ್ಜ್ ಓದಿದಳು. ಮಾರನೆಯ ದಿನ ಒಂದು ಲೋಟ ಚಹಾ ತಂದು ಮೇಜಿನ ಮೇಲಿಟ್ಟು ಹೋದಳು.

ನಲವತ್ತು ಪುಟ ಹದಿನೆಂಟಕ್ಕೆ ಇಳಿಯಿತು. ಪಾಸಾದದ್ದು ಎರಡನೇ ದರ್ಜೆಯಲ್ಲಿ. ರೋಗಿಗಳ ಸಂಖ್ಯೆ ಸಾಲದು ಎಂದರು ಪರೀಕ್ಷಕರು. ಬಡ್ತಿ ಬಂದಿಲ್ಲ, ಹುದ್ದೆ ಖಾಲಿ ಇಲ್ಲವಂತೆ. ಬಂದದ್ದು ಇನ್ನಷ್ಟು ಕೆಲಸ. ಹೊಸ ರೋಗಿಯ ಜೊತೆ ಬಂದವರಿಗೆಲ್ಲ ಹೊರಳಿಸುವುದನ್ನು ಹೇಳಿಕೊಡಬೇಕು, ಪ್ರತಿ ಸರದಿಯಲ್ಲೂ ಯಾವ ಮಂಚ ಯಾರ ಪಾಲಿಗೆ ಎಂದು ಗೊತ್ತು ಮಾಡಬೇಕು. "ವರದಿ ಬರೆದೋರು ನೀವೇ ತಾನೇ ಅಕ್ಕ?" ಎಂದು ಇನ್‌ಚಾರ್ಜ್ ಅದನ್ನೂ ಅವರ ಕೊರಳಿಗೇ ಕಟ್ಟಿದ್ದಾಳೆ.

ಹುಣ್ಣು ಕಡಿಮೆ ಆಗಿದೆಯೇ ಎಂದು ಕೇಳಿದರೆ ಆಯಾ ಥಟ್ಟನೆ "ಎಷ್ಟೋ ಕಡಿಮೆ!" ಎನ್ನುತ್ತಾರೆ. ದೊಡ್ಡ ಸಿಸ್ಟರ್ ತಲೆಯಾಡಿಸುತ್ತಾರೆ. "ಹಾಗನ್ಸತ್ತೆ. ಆದ್ರೆ ಈಗ ಎಣಿಸ್ತಾ ಇಲ್ಲ. ಅದಕ್ಕೇ ಹೇಳಲ್ಲ."

ಹಗಲಿನ ಸಿಸ್ಟರುಗಳು ಬಂದಿದ್ದಾರೆ. ದೊಡ್ಡ ಸಿಸ್ಟರ್ ಚಪ್ಪಲಿ ಬದಲಿಸಿ, ಮೆಟ್ಟಿಲ ಮೇಲೆ ಕುಳಿತು ಊದಿದ ಪಾದಗಳನ್ನು ಒತ್ತಿಕೊಳ್ಳುತ್ತಾರೆ. ವರದಿಯ ಒಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿದೆ. ಒಮ್ಮೆ ಹೋಗಿ ನೋಡಿ ಬಂದಿದ್ದಾರೆ, ಯಾರೂ ತೆಗೆದ ಹಾಗಿರಲಿಲ್ಲ. ಆಸೆಯೇನಾದರೂ ಇದೆಯೇ ಎಂದರೆ ಮೊದಲು ನಿದ್ದೆ ಎನ್ನುತ್ತಾರೆ. ಆಮೇಲೆ ಯೋಚಿಸಿ, ಬಸ್ಸಿಗೆಂದು ಎದ್ದು ನಿಂತು ಹೇಳುತ್ತಾರೆ:

"ಬೇರೆ ವಾರ್ಡಲ್ಲಿ ಯಾರಾದ್ರೂ ಇದನ್ನ ಮತ್ತೆ ಮಾಡ್ಲಿ. ನನ್ನದು ತಪ್ಪು ಅಂತ ತೋರಿಸಿದ್ರೂ ಬೇಜಾರಿಲ್ಲ. ಓದಿದ್ದಾರೆ ಅಂತ ಆಯ್ತಲ್ಲ."